ಭಾರ ಬಿದ್ದಷ್ಟೂ ಬಿಗಿ

ಅಮೆರಿಕದ ಅಲಬಾಮಾ ಕಡೆಯ ಕಾಡುಗಳಲ್ಲಿ ಲೋಬ್ಲಾಲಿ ಪೈನ್ ಮರ ನೆಟ್ಟಗೆ ಮೇಲೇಳುತ್ತದೆ. ಒತ್ತಾಗಿ ಬೆಳೆದ ಕಡೆ ಎಷ್ಟೋ ಎತ್ತರದವರೆಗೆ ಒಂದು ಕೊಂಬೆಯೂ ಇರುವುದಿಲ್ಲ. ಜಿಂಕೆ ಬೇಟೆಗಾರ ಹುಡುಕುವುದು ಇಂಥ ಮರವನ್ನೇ. ಅವನು ಬೆನ್ನಿಗೆ ಹೊತ್ತು ತಂದ ಅಟ್ಟಣೆಗೆ ಕೊಂಬೆಯೇ ಅಡ್ಡಿ.

ಅಲ್ಲಿಯವರು ಅದನ್ನು ‘ಕ್ಲೈಂಬರ್’ ಎನ್ನುತ್ತಾರೆ. ಇರುವುದು ಎರಡೇ ತುಂಡು: ಮೇಲೊಂದು ಆಸನ, ಕೆಳಗೊಂದು ಮೆಟ್ಟುಹಲಗೆ. ಎರಡಕ್ಕೂ ಕಾಂಡ ಬಳಸುವ ಉಕ್ಕಿನ ಕೇಬಲ್. ಅಲ್ಯೂಮಿನಿಯಮ್ಮಿನ ಒಳ್ಳೆಯ ಮಾದರಿಗಳು ಒಂಬತ್ತು ಕಿಲೋ ಆಸುಪಾಸು ತೂಗುತ್ತವೆ.

ಇದರ ಸೊಗಸೆಲ್ಲ ಹಿಡಿತದಲ್ಲಿದೆ. ಹಲಗೆಯ ಹಲ್ಲು ಕಾಂಡದ ಈ ಬದಿಗೆ ಒತ್ತುತ್ತದೆ, ಕೇಬಲ್ ಅದಕ್ಕಿಂತ ತುಸು ಮೇಲೆ ಆ ಬದಿಯನ್ನು ತಬ್ಬುತ್ತದೆ. ಮೇಲೆ ನಿಂತ ಮನುಷ್ಯನ ಭಾರ ಹೊರಗಿನ ತುದಿಯನ್ನು ಜಗ್ಗಿದಷ್ಟೂ ಇವೆರಡೂ ಮರವನ್ನು ಕಚ್ಚುತ್ತವೆ. ಬೀಳಿಸಬೇಕಾದ ಭಾರವೇ ಇಲ್ಲಿ ಹಿಡಿದು ನಿಲ್ಲಿಸುತ್ತದೆ! ಕೂತು, ಪಾದಕ್ಕೆ ಸಿಕ್ಕಿಸಿದ ಹಲಗೆಯನ್ನು ಮೇಲಕ್ಕೆಳೆದು, ಓರೆ ಮಾಡಿ ಕಚ್ಚಿಸುವುದು, ಎದ್ದು ನಿಂತು ಆಸನವನ್ನು ಮೇಲೇರಿಸುವುದು, ಮತ್ತೆ ಕೂರುವುದು. ಮೊಳೆಯಿಲ್ಲ, ಏಣಿಯಿಲ್ಲ. ಪಳಗಿದವರು ಬುಡದಲ್ಲಿ ಹಲಗೆಯ ಹೊರತುದಿಯನ್ನು ಬೇಕೆಂದೇ ಎತ್ತಿ ಕಟ್ಟುತ್ತಾರೆ. ಮೇಲೇರಿದಂತೆ ಕಾಂಡ ಸಣ್ಣಗಾಗಿ, ಕೇಬಲ್ ಸಡಿಲವಾಗಿ, ಆ ತುದಿ ತಗ್ಗುತ್ತದೆ. ಕೂರುವ ಎತ್ತರಕ್ಕೆ ಬರುವಾಗ ಹಲಗೆ ಸಮ. ಮರದ ಮೈಯನ್ನು ಮೊದಲೇ ಓದಿಕೊಂಡ ಈ ಲೆಕ್ಕಾಚಾರ ನನಗೆ ಇಡೀ ಕಸುಬಿನಲ್ಲೇ ಅತ್ಯಂತ ಚೆಂದದ್ದು.

ಈ ಬಗೆ ನಮಗೂ ಅಪರಿಚಿತವಲ್ಲ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ, ಕೂತು ಹತ್ತುವ ತೆಂಗಿನಮರದ ಯಂತ್ರದಲ್ಲೂ ಇದೇ ಎರಡು ಚೌಕಟ್ಟು, ಇದೇ ಸರದಿ. ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಈಗ ಶಿಕಾರಿಯ ಮಾತಿಲ್ಲ. ಅದು ಹಾಗೇ ಇರಲಿ.

ಮತ್ತೆ ಕ್ಲೈಂಬರ್‌ಗೆ ಬಂದರೆ, ನೆಲ ಬಿಡುವ ಮೊದಲೇ ಇಡೀ ಮೈ ಬಳಸುವ ಸುರಕ್ಷಾ ಪಟ್ಟಿ ಬಿಗಿಯಬೇಕು. ಅದನ್ನು ಮರಕ್ಕೆ ಕಟ್ಟಿದ ಹಗ್ಗಕ್ಕೆ ಪ್ರೂಸಿಕ್ ಗಂಟಿನ ಮೂಲಕ ಸೇರಿಸುತ್ತಾರೆ. ಸುಮ್ಮನೆ ಕೈಯಲ್ಲಿ ತಳ್ಳಿದರೆ ಸರಿಯುವ ಗಂಟು ಅದು, ಜೋಲಿ ತಪ್ಪಿ ಭಾರ ಬಿತ್ತೋ, ಅಲ್ಲೇ ಬಿಗಿ. ಬೇಟೆಯ ಬಿಲ್ಲು ಆಮೇಲೆ ದಾರ ಕಟ್ಟಿಕೊಂಡು ಮೇಲೆ ಬರುತ್ತದೆ.

ಮೇಲೆ ಕೂತವನಿಗೆ ಗಾಳಿಯೇ ಗುರು. ಬಿಳಿಬಾಲದ ಜಿಂಕೆಗೆ ಬೇಟೆಗಾರನ ಕಿತ್ತಳೆ ಬಣ್ಣದ ಅಂಗಿ ಎದ್ದು ಕಾಣದು, ಆದರೆ ಮೂಗು ಮೋಸ ಹೋಗುವುದಿಲ್ಲ. ಬೆಳಗ್ಗೆ ಬಿಸಿಲೇರಿದಂತೆ ಗಾಳಿ ಇಳಿಜಾರು ಹತ್ತುತ್ತದೆ, ಸಂಜೆ ತಣ್ಣಗಾಗಿ ಕಣಿವೆಗೆ ಇಳಿಯುತ್ತದೆ. ಹಾಗಾಗಿ ಬೆಳಗಿನ ಮರವೇ ಬೇರೆ, ಸಂಜೆಯ ಮರವೇ ಬೇರೆ. ಹೊತ್ತು ತಿರುಗಬಲ್ಲ ಅಟ್ಟಣೆಯ ಬೆಲೆ ತಿಳಿಯುವುದು ಇಲ್ಲಿ.

ಹಾಗೆಂದು ನೆಟ್ಟಗಿರುವ ಮರವೆಲ್ಲ ಆಗಿಬರುವುದಿಲ್ಲ. ಶಾಗ್‌ಬಾರ್ಕ್ ಹಿಕರಿಯ ತಂಟೆಗೆ ಬಲ್ಲವರು ಹೋಗುವುದಿಲ್ಲ. ಅದರ ತೊಗಟೆ ಉದ್ದುದ್ದ ಪಟ್ಟಿಗಳಾಗಿ ಎದ್ದು ನಿಂತಿರುತ್ತದೆ. ಹಲ್ಲು ಕಚ್ಚುವುದು ತೊಗಟೆಯನ್ನು, ಮರವನ್ನಲ್ಲ.