ರೋಮಕ ದೀನಾರಗಳ ಮುದ್ರಾರ್ಥವಿಚಾರ

ನಾಣ್ಯವೂ ಒಂದು ಬಗೆಯ ಪ್ರಶಸ್ತಿಯೇ. ಶಿಲಾಶಾಸನವು ರಾಜನನ್ನು ಕಲ್ಲಿನಮೇಲೆ ಹೊಗಳಿದರೆ, ನಾಣ್ಯವು ಅದೇ ಕಾರ್ಯವನ್ನು ಅಂಗುಲದಷ್ಟೂ ಅಗಲವಿಲ್ಲದ ಲೋಹದಮೇಲೆ ನಡೆಯಿಸುವುದು. ಓದಬಲ್ಲವರಿಲ್ಲದ ದೇಶದಲ್ಲಿ ಇಂತಹ ಪ್ರಶಸ್ತಿಯ ಗತಿಯೇನೆಂಬುದನ್ನು ಕರ್ಣಾಟಕದಲ್ಲಿ ದೊರೆತ ರೋಮಕ ಬೆಳ್ಳಿ ನಾಣ್ಯಗಳಿಂದ ವಿಚಾರಿಸಬಹುದು.

1891ರಲ್ಲಿ ಬೆಂಗಳೂರಿನ ಬಳಿಯ ಯಶವಂತಪುರದಲ್ಲಿ ಇಂತಹ 163 ನಾಣ್ಯಗಳು ದೊರೆತುವು. 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ವೀಲರ್ ಅವರೂ ಅಗೆಯಿಸಿದ ಚಿತ್ರದುರ್ಗದ ಚಂದ್ರವಳ್ಳಿಯ ನೆಲೆಯಲ್ಲಿಯೂ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ದೀನಾರಗಳು ಕಂಡುಬಂದಿವೆ.

ಭಾರತದಲ್ಲಿ ಹೇರಳವಾಗಿ ದೊರೆಯುವ ಮುದ್ರೆಗಳು ಎರಡು. ಅಗಸ್ಟಸನ ನಾಣ್ಯದ ಹಿಂಬದಿಯಲ್ಲಿ ಅವನ ದತ್ತಪುತ್ರರಾದ ಗಾಯಸ್, ಲೂಸಿಯಸರು ನಿಂತಿರುವರು. ನಡುವೆ ಗುರಾಣಿಗಳೂ ಈಟಿಗಳೂ, ಮೇಲೆ ಪುರೋಹಿತರ ಉಪಕರಣಗಳೂ ಇವೆ. ಟೈಬೀರಿಯಸನ ನಾಣ್ಯದಲ್ಲಿ ದಂಡವನ್ನೂ ಕೊಂಬೆಯನ್ನೂ ಹಿಡಿದು ಕುಳಿತ ಸ್ತ್ರೀಯಿರುವಳು. ಮೊದಲನೆಯದರ ವಾಚ್ಯಾರ್ಥವು ಇಬ್ಬರು ಕುಮಾರರು. ವ್ಯಂಗ್ಯಾರ್ಥವು ಸಾಮ್ರಾಜ್ಯಕ್ಕೆ ಉತ್ತರಾಧಿಕಾರಿಗಳಿರುವರೆಂಬುದು. ಆದರೆ ಲೂಸಿಯಸನು ಕ್ರಿ. ಶ. 2ರಲ್ಲಿಯೂ ಗಾಯಸನು 4ರಲ್ಲಿಯೂ ಮೃತರಾದರು. ಧ್ವನಿಯು ಸುಳ್ಳಾಯಿತು, ಬೆಳ್ಳಿ ಸುಳ್ಳಾಗಲಿಲ್ಲ.

ಇಲ್ಲಿಯ ವರ್ತಕನಿಗೆ ಬೇಕಾದುದು ಆ ಬೆಳ್ಳಿಯೇ. ಬೇರೆಬೇರೆ ಮುಖಗಳಿದ್ದರೂ ದೀನಾರಗಳ ತೂಕವು ಒಂದೇ ಆಗಿದ್ದುದನ್ನು ಕಂಡು ಸಿಂಹಳದ ರಾಜನು ರೋಮಕರ ಪ್ರಾಮಾಣಿಕತೆಯನ್ನು ಮೆಚ್ಚಿದನೆಂದು ಪ್ಲಿನಿಯು ಬರೆದಿರುವನು. ಕಥೆಯು ರೋಮಕನ ಆತ್ಮಶ್ಲಾಘನೆಯೇ ಆಗಿರಬಹುದು. ಆದರೂ ಅದರ ತಾತ್ಪರ್ಯವು ಗ್ರಾಹ್ಯ. ಕ್ರಿ. ಶ. 64ರಲ್ಲಿ ನೀರೋ ದೀನಾರದ ತೂಕವನ್ನು ಇಳಿಸಿದನು. ಅದಕ್ಕೆ ಹಿಂದಿನ ಬೆಳ್ಳಿಯೇ ದಕ್ಷಿಣದ ನಿಧಿಗಳಲ್ಲಿ ಅಧಿಕವಾಗಿರುವುದು ಇದಕ್ಕೆ ಅನುಗುಣವಾಗಿದೆ.

ರೋಮಕ ಮುದ್ರೆಯೇ ಇಲ್ಲಿಯ ಅರಸರಿಗೆ ಪ್ರತಿಮಾಕಲೆಯನ್ನು ಕಲಿಸಿತೆಂದು ಊಹಿಸುವವರು ಚಂದ್ರವಳ್ಳಿಯ ಇನ್ನೊಂದು ಸಾಕ್ಷ್ಯವನ್ನು ನೋಡಬೇಕು. ಅಲ್ಲಿಯೇ ದೊರೆತ ಸದಕನ ಕಳಲಾಯ ಮಹಾರಠಿಯ ಸೀಸದ ನಾಣ್ಯಗಳಲ್ಲಿ ರಾಜಮುಖವಿಲ್ಲ. ಗೂಳಿಯೂ ವೃಕ್ಷವೂ ಚೈತ್ಯವೂ ಇವೆ. ಶಾತವಾಹನರು ಬೆಳ್ಳಿಯಲ್ಲಿ ರಾಜಮುಖವನ್ನು ಅಚ್ಚೊತ್ತಿಸಿದುದು ನಿಜ. ಆದರೆ ಅದಕ್ಕೆ ಸಮೀಪದ ಮಾದರಿಯು ಪಶ್ಚಿಮ ಕ್ಷತ್ರಪರ ನಾಣ್ಯ. ವಸ್ತುವು ಬಂದಲ್ಲೆಲ್ಲ ಭಾವವೂ ಬಂದಿತೆಂಬುದು ಯುಕ್ತವಲ್ಲ.

ಉಳಿದುದು ಹೆಸರು. ಅಮರಕೋಶವು ನಿಷ್ಕಶಬ್ದದ ಅರ್ಥಗಳಲ್ಲಿ ದೀನಾರವನ್ನು ಎಣಿಸಿದೆ. ಬೆಳ್ಳಿಯ ಹೆಸರು ಸಂಸ್ಕೃತದಲ್ಲಿ ಚಿನ್ನಕ್ಕೆ ಸಂದಿತು. ಮುಖವು ಮರೆಯಿತು, ಲೋಹವು ಮಾರ್ಪಟ್ಟಿತು, ಶಬ್ದವು ನಿಂತಿತು. ಆದುದರಿಂದ ನಾಣ್ಯದ ಅರ್ಥವನ್ನು ನಿರ್ಣಯಿಸುವವರು ಅಚ್ಚೊತ್ತಿಸಿದವನ ವಿವಕ್ಷೆಯೊಡನೆ ಹಿಡಿದವನ ಗ್ರಹಣವನ್ನೂ ಪರಿಶೀಲಿಸುವುದು ಆವಶ್ಯಕ.