ಗುಂಪು ಕಟ್ಟುವ ಕೈ ಯಾರದು?

2020ರಲ್ಲಿ ಶಾಲೆ-ಕಾಲೇಜುಗಳು ಮುಚ್ಚಿದಾಗ ತರಗತಿಗಳು ಮೊಬೈಲಿನೊಳಗೆ ಬಂದವು. ಬಾಗಿಲುಗಳು ಮತ್ತೆ ತೆರೆದವಾದರೂ ಆನ್‌ಲೈನ್ ಕಲಿಕೆ ಉಳಿದುಕೊಂಡಿತು. ಅದರ ಪಾಠ, ಪರೀಕ್ಷೆಗಳ ಬಗ್ಗೆ ನಾವು ಸಾಕಷ್ಟು ಚರ್ಚಿಸಿದ್ದೇವೆ. ಆದರೆ ಅಲ್ಲಿ ಯಾರು ಯಾರ ಜೊತೆ ಕಲಿಯುತ್ತಾರೆ ಎಂದು ಕೇಳಿದ್ದು ಕಡಿಮೆ.

ಮೂಡಲ್ ಎಂಬ ತಂತ್ರಾಂಶವನ್ನೇ ನೋಡೋಣ. ಆಸ್ಟ್ರೇಲಿಯಾದ ಮಾರ್ಟಿನ್ ಡೂಜಿಯಾಮಸ್ ರೂಪಿಸಿದ ಇದರ ಮೊದಲ ಆವೃತ್ತಿ 2002ರಲ್ಲಿ ಹೊರಬಂತು. ಇದನ್ನು ಯಾರೂ ಉಚಿತವಾಗಿ ಬಳಸಬಹುದು. ಜನರು ಒಟ್ಟಾಗಿ ಏನನ್ನಾದರೂ ಕಟ್ಟುವಾಗ ಚೆನ್ನಾಗಿ ಕಲಿಯುತ್ತಾರೆಂಬುದು ಇದರ ಹಿಂದಿನ ತತ್ವ. ಇದರಲ್ಲಿ ಅಧ್ಯಾಪಕರು ಗುಂಪುಗಳಿಲ್ಲದೆ ಪಾಠ ನಡೆಸಬಹುದು. ಗುಂಪು ಮಾಡುವುದಾದರೆ ಎರಡು ವಿಧ. 'ಪ್ರತ್ಯೇಕ ಗುಂಪು'ಗಳಲ್ಲಿ ಒಬ್ಬರ ಚರ್ಚೆ ಇನ್ನೊಬ್ಬರಿಗೆ ಕಾಣದು. 'ಗೋಚರ ಗುಂಪು'ಗಳಲ್ಲಿ ಕೆಲಸ ತಮ್ಮ ಗುಂಪಿನಲ್ಲೇ ಆದರೂ ಇತರರದ್ದನ್ನು ಓದಬಹುದು. ಹತ್ತಾರು ಜನರ ಮುಂದೆ ಬಾಯಿಬಿಡದ ಸಂಕೋಚದ ಹುಡುಗಿ ಪ್ರತ್ಯೇಕ ಗುಂಪಿನಲ್ಲಿ ಮಾತಾಡಬಹುದು. ಆ ಗೋಡೆಗೂ ಒಂದು ಉಪಯೋಗವಿದೆ.

ನಮ್ಮ ತಕರಾರು ಇರುವುದು ತಾನಾಗಿ ಗುಂಪು ಮಾಡಿಕೊಡುವ ಸೌಲಭ್ಯದ ಬಗ್ಗೆ. ಅದು ಚೀಟಿ ಎತ್ತಿದಂತೆ ಹಂಚಬಲ್ಲದು, ಹೆಸರಿನ ಅಕ್ಷರಾನುಕ್ರಮದಲ್ಲೂ ಹಂಚಬಲ್ಲದು. ಎರಡನೆಯದು ತೀರಾ ನಿರುಪದ್ರವಿಯಾಗಿ ಕಾಣುತ್ತದೆ. ಆದರೆ ನಮ್ಮ ಕರಾವಳಿಯ ಯಾವುದಾದರೂ ಕಾಲೇಜಿನ ಹಾಜರಿ ಪಟ್ಟಿಯನ್ನು ನೆನೆಯಿರಿ. ಅಬ್ದುಲ್‌ಗಳು ಒಂದೆಡೆ, ಮುಹಮ್ಮದ್‌ಗಳು ಇನ್ನೊಂದೆಡೆ ಸೇರಿಬಿಡುತ್ತಾರೆ. ಅದರ ಮೇಲೆ 'ಪ್ರತ್ಯೇಕ' ಎಂಬ ಆಯ್ಕೆಯನ್ನೂ ಒತ್ತಿದರೆ ತರಗತಿಯೊಳಗೊಂದು ಮೊಹಲ್ಲಾ ಸಿದ್ಧ! ಯಾರೂ ದ್ವೇಷದಿಂದ ಮಾಡಿದ್ದಲ್ಲ. ಆದ್ದರಿಂದಲೇ ಯಾರ ಗಮನಕ್ಕೂ ಬರುವುದಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ಅಮೆರಿಕದ ಟೆಕ್ಸಾಸ್‌ನಲ್ಲಿದೆ. 1971ರಲ್ಲಿ ಆಸ್ಟಿನ್ ನಗರದ ಶಾಲೆಗಳಲ್ಲಿ ವರ್ಣಭೇದ ಕೊನೆಗೊಂಡು ಬಿಳಿಯ, ಕರಿಯ, ಹಿಸ್ಪಾನಿಕ್ ಮಕ್ಕಳು ಒಂದೇ ಕೋಣೆಗೆ ಬಂದಾಗ ಘರ್ಷಣೆ ಎದ್ದಿತು. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಮತ್ತು ಅವರ ವಿದ್ಯಾರ್ಥಿಗಳು ಮಕ್ಕಳನ್ನು ಬೇಕೆಂದೇ ಬೆರೆಸಿ ಐದಾರು ಮಂದಿಯ ಗುಂಪು ಮಾಡಿದರು. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಭಾಗ ಕೊಟ್ಟರು. ಪಕ್ಕದವನ ಭಾಗವನ್ನು ಅವನ ಬಾಯಿಂದಲೇ ಕೇಳದೆ ಪಾಠ ಪೂರ್ತಿಯಾಗುತ್ತಿರಲಿಲ್ಲ. 'ಜಿಗ್‌ಸಾ' ತರಗತಿ ಎಂದು ಹೆಸರಾದ ಈ ವಿಧಾನದಲ್ಲಿ, ನಿನ್ನೆ ಅಣಕಿಸುತ್ತಿದ್ದವರೇ ಇಂದು ಕಿವಿಗೊಡಬೇಕಾಯಿತು.

ನಮ್ಮ ಸಮುದಾಯದ ಸಂಸ್ಥೆಗಳೂ ಈ ಪ್ರಶ್ನೆಯಿಂದ ಹೊರತಲ್ಲ. ಅಂಕ ನೋಡಿ ಜಾಣರನ್ನೂ ಹಿಂದುಳಿದವರನ್ನೂ ಬೇರ್ಪಡಿಸುವ ರೂಢಿ ನಮ್ಮಲ್ಲೂ ಇದೆ. ಹಳೆಯ ಪಳ್ಳಿ ದರ್ಸ್‌ಗಳಲ್ಲಿ ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಕಲಿಸುತ್ತಿದ್ದುದನ್ನು ನಾವು ಇಷ್ಟು ಬೇಗ ಮರೆಯಬಾರದಿತ್ತು.

ತಂತ್ರಾಂಶಕ್ಕೆ ಅಕ್ಷರ ಗೊತ್ತು, ಅಂಕಿ ಗೊತ್ತು. ಹೆಸರಿನ ಹಿಂದಿನ ಮಗು ಗೊತ್ತಿಲ್ಲ. ಅದನ್ನು ಬಲ್ಲ ಅಧ್ಯಾಪಕರು ವರ್ಷಾರಂಭದಲ್ಲಿ ಒಂದು ಗಂಟೆ ಕುಳಿತು, ಪಟ್ಟಿಯನ್ನು ತಮ್ಮ ಕೈಯಿಂದಲೇ ಬೆರೆಸಲಿ. ಆ ಒಂದು ಗಂಟೆಯ ಬಿಡುವನ್ನು ಅವರಿಗೆ ಕೊಡುವುದು ಆಡಳಿತ ಮಂಡಳಿಗಳ ಹೊಣೆ.