ಪೇತ್ರನು ಬಿಟ್ಟ ಮಾತು

ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯದಲ್ಲಿ, ಪುನರುತ್ಥಿತನಾದ ಕ್ರಿಸ್ತನು ತಿಬೇರಿಯ ಸಮುದ್ರತೀರದಲ್ಲಿ ಪೇತ್ರನನ್ನು ಕುರಿತು, ತನ್ನಲ್ಲಿ ಪ್ರೀತಿಯುಂಟೇ ಎಂದು ಮೂರಾವೃತ್ತಿ ಕೇಳುವ ಪ್ರಕರಣವಿರುವುದಷ್ಟೆ. ಗ್ರೀಕ್ ಮೂಲದಲ್ಲಿ ಮೊದಲೆರಡು ಪ್ರಶ್ನೆಗಳಲ್ಲಿ ‘ಅಗಪಾನ್’ ಎಂಬ ಕ್ರಿಯಾಪದವೂ, ಮೂರನೆಯ ಪ್ರಶ್ನೆಯಲ್ಲಿಯೂ ಪೇತ್ರನ ಮೂರು ಉತ್ತರಗಳಲ್ಲಿಯೂ ‘ಫಿಲೇನ್’ ಎಂಬುದೂ ಪ್ರಯುಕ್ತವಾಗಿವೆ. ಮೊದಲನೆಯದು ದಿವ್ಯಪ್ರೇಮ, ಎರಡನೆಯದು ಕೇವಲ ಸ್ನೇಹ. ಶಿಷ್ಯನು ಮೇಲೇರಲಾರದೆ ಹೋದುದರಿಂದ ಗುರುವೇ ಕೆಳಗಿಳಿದನು ಎಂಬ ವ್ಯಾಖ್ಯಾನವು ಬಹಳ ಪ್ರಚಾರದಲ್ಲಿದೆ.

ಕೇಳಲು ಇದು ಇಂಪಾಗಿದೆ. ಗ್ರಂಥವು ಮಾತ್ರ ಒಪ್ಪದು. ತಂದೆಯು ಮಗನನ್ನು ಪ್ರೀತಿಸುವನೆಂದು ಹೇಳುವಾಗ ಇದೇ ಸುವಾರ್ತೆಯು 3ನೆಯ ಅಧ್ಯಾಯದಲ್ಲಿ ಮೊದಲ ಪದವನ್ನೂ 5ನೆಯದರಲ್ಲಿ ಎರಡನೆಯ ಪದವನ್ನೂ ಬಳಸಿದೆ. ಮನುಷ್ಯರು ಕತ್ತಲೆಯನ್ನು ಪ್ರೀತಿಸಿದರೆಂಬಲ್ಲಿಯೂ (3:19) ಆ ‘ದಿವ್ಯ’ಪದವೇ ಇದೆ! ಭೇದವನ್ನು ಒಪ್ಪಿದವರಲ್ಲಿಯಾದರೂ ಐಕಮತ್ಯವುಂಟೇ? ಸಮಾನಾರ್ಥಕಪದಗಳ ಮೇಲೆ 1854ರಲ್ಲಿ ಗ್ರಂಥವನ್ನು ಪ್ರಕಟಿಸಿದ ಟ್ರೆಂಚನು ಪೇತ್ರನ ಪದವೇ ಹೆಚ್ಚು ಆರ್ದ್ರವೆಂದನು. ವೆಸ್ಟ್‌ಕಾಟನಿಗೆ ಅದೇ ಕೆಳತರದ್ದು.

ಶಬ್ದಾಂತರದಿಂದ ಕರ್ಮಭೇದವುಂಟೆಂದು ಮೀಮಾಂಸಕರು ಹೇಳುವರಲ್ಲವೇ ಎಂದರೆ, ಯಜತಿ, ದದಾತಿ, ಜುಹೋತಿ ಎಂಬಲ್ಲಿ ಧಾತ್ವರ್ಥಗಳೇ ಬೇರೆ. ಪ್ರೇಮ, ಪ್ರಿಯತೆ, ಹಾರ್ದ, ಸ್ನೇಹಗಳನ್ನು ಅಮರಸಿಂಹನು ಒಟ್ಟಿಗೆ ಪಠಿಸಿದಂತೆ ಇಲ್ಲಿಯದು ಪರ್ಯಾಯಮಾತ್ರ. ಇದೇ ಸಂವಾದದಲ್ಲಿ ಕುರಿಗಳನ್ನು ಮೇಯಿಸುವುದಕ್ಕೂ ಎರಡು ಪದಗಳಿವೆ, ತಿಳಿಯುವುದಕ್ಕೂ ಎರಡು.

ತಾತ್ಪರ್ಯಲಿಂಗವಾದರೋ ಅಭ್ಯಾಸವು. ಪೇತ್ರನು ನೊಂದದ್ದು ‘ಮೂರನೆಯ ಸಲ’ ಕೇಳಿದುದಕ್ಕೆಂದು ಸುವಾರ್ತೆಯೇ ಸ್ಪಷ್ಟಪಡಿಸುತ್ತದೆ. ಮಹಾಯಾಜಕನ ಅಂಗಳದಲ್ಲಿ ಇದ್ದಲಿನ ಬೆಂಕಿಯ ಬಳಿ ನಿಂತು, ತಾನು ಅವನ ಶಿಷ್ಯನಲ್ಲವೆಂದು ಪೇತ್ರನು ಅಲ್ಲಗಳೆದದ್ದೂ ಮೂರು ಸಲವೇ. ತೀರದಲ್ಲಿಯೂ ಇದ್ದಲಿನ ಬೆಂಕಿಯೇ ಉರಿಯುತ್ತಿದೆ. ಇದ್ದಲಬೆಂಕಿಯ ಆ ಗ್ರೀಕ್ ಪದವು ಹೊಸ ಒಡಂಬಡಿಕೆಯಲ್ಲೆಲ್ಲ ಈ ಎರಡು ಕಡೆಗಳಲ್ಲಿ ಮಾತ್ರ ಬಂದಿದೆ.

ಬದಲಾದ ಪದಕ್ಕೆ ಇಷ್ಟು ಗಮನವಿತ್ತವರು ಬಿಟ್ಟುಹೋದ ಪದವನ್ನು ಕಾಣದಿರುವುದು ವಿಚಿತ್ರ. ಮೊದಲ ಪ್ರಶ್ನೆಯಲ್ಲಿ ‘ಇವರಿಗಿಂತ ಹೆಚ್ಚಾಗಿ’ ಎಂಬ ವಿಶೇಷಣವುಂಟು. ಅದನ್ನು ಬಲೆದೋಣಿಗಳಿಗೆ ಅನ್ವಯಿಸುವವರೂ ಇರುವರು. ಆದರೆ ಎಲ್ಲರೂ ಹಿಮ್ಮೆಟ್ಟಿದರೂ ತಾನು ಹಿಮ್ಮೆಟ್ಟೆನೆಂದು ಪೇತ್ರನು ಹೆಚ್ಚಳಪಟ್ಟುದನ್ನು ಮತ್ತಾಯ, ಮಾರ್ಕರು ಹೇಳಿರುವುದರಿಂದ, ಇತರ ಶಿಷ್ಯರೊಡನೆ ತುಲನೆಯೆಂಬ ಅರ್ಥವೇ ಯುಕ್ತ. ಪೇತ್ರನ ಉತ್ತರದಲ್ಲಿ ಆ ತುಲನೆಯಿಲ್ಲ. ಪ್ರೀತಿಯುಂಟೆನ್ನುವನು, ಹೆಚ್ಚೆನ್ನನು. ತನ್ನ ದೃಢತೆಯನ್ನು ಸಾಕ್ಷಿಗೆ ಕರೆಯದೆ, ‘ನೀನೇ ಬಲ್ಲೆ’ ಎಂದು ಸ್ವಾಮಿಯ ಅರಿವನ್ನೇ ಪ್ರಮಾಣವಾಗಿ ಹಿಡಿಯುವನು. ಅಂಥವನ ಕೈಗೆ ಕುರಿಗಳು ಒಪ್ಪಿತವಾಗುತ್ತವೆ. ಅಲ್ಲಿಯೂ ‘ನನ್ನ ಕುರಿಗಳು’ ಎಂದೇ ವಚನ. ಪಾಲಕನದು ನ್ಯಾಸರಕ್ಷಣೆಯೇ ಹೊರತು ಸ್ವಾಮ್ಯವಲ್ಲ.

ಹೀಗೆ ತೊರೆದ ತುಲನೆಯು ಮತ್ತೆ ತಲೆಯೆತ್ತದಿರಲಿಲ್ಲ. ತನ್ನ ಮರಣದ ಸೂಚನೆಯನ್ನೂ ‘ನನ್ನನ್ನು ಹಿಂಬಾಲಿಸು’ ಎಂಬ ಆಜ್ಞೆಯನ್ನೂ ಕೇಳಿದೊಡನೆ ಪೇತ್ರನು ಹಿಂತಿರುಗಿ, ಬರುತ್ತಿದ್ದ ಇನ್ನೊಬ್ಬ ಶಿಷ್ಯನ ಗತಿಯೇನೆಂದು ವಿಚಾರಿಸುವನು. ಅದರಿಂದ ನಿನಗೇನು ಎಂದು ಕೇಳಿ, ಸ್ವಾಮಿಯು ಮೊದಲಿನ ಆಜ್ಞೆಯನ್ನೇ ಪುನಃ ವಿಧಿಸುತ್ತಾನೆ.